ಮುಂದಿನ ಕ್ಯಾಬಿನ್ನಿನ ಖಾಲಿ ಸೀಟು

ನಿವೃತ್ತಳಾಗಿ ಸುಂಟಿಕೊಪ್ಪಕ್ಕೆ ಬಂದು ನೆಲೆಸಿದ ಮೇಲೆ ವರ್ಷಕ್ಕೆ ಇಬ್ಬರು ಮೂವರಾದರೂ ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕುಶಾಲನಗರದಿಂದ ಬರುತ್ತಾರೆ, ಸೋಮವಾರಪೇಟೆಯಿಂದ ಬರುತ್ತಾರೆ. ಮಾಕುಟ್ಟದ ಚೆಕ್‌ಪೋಸ್ಟಿನ ಹತ್ತಿರ ಹೋಟೆಲು ಇಟ್ಟುಕೊಂಡವರೊಬ್ಬರ ಮಗಳು ಎರಡು ಬಸ್ಸು ಬದಲಿಸಿ ಬಂದಿದ್ದಳು. ಎಲ್ಲರೂ ವಿಮಾನ ಕಂಪನಿಯ ಸಂದರ್ಶನಕ್ಕೆ ಹೊರಟವರು. ಎತ್ತರ ಎಷ್ಟಿರಬೇಕು, ಹಲ್ಲು ಸ್ವಲ್ಪ ಓರೆಯಿದ್ದರೆ ತೆಗೆದುಕೊಳ್ಳುತ್ತಾರಾ, ಕೂದಲು ಹೇಗೆ ಕಟ್ಟಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳಿ, ಕಾಫಿ ಕೊಟ್ಟು ಕಳಿಸುತ್ತೇನೆ. ಕೆಲಸ ಹೇಗಿರುತ್ತದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಎದುರಿಗೆ ಕೂರಿಸಿಕೊಂಡು ಹೇಳಲು ನನಗೂ ಧೈರ್ಯ ಸಾಲುತ್ತಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗಾಂಬಿಕೆ. ಕೊಡ್ಲಿಪೇಟೆ ಕಡೆಯ ಒಕ್ಕಲುತನದ ಮನೆತನ ನಮ್ಮದು. ಅಪ್ಪ ಸುಂಟಿಕೊಪ್ಪಕ್ಕೆ ಬಂದು ದಿನಸಿ ಅಂಗಡಿ ಹಾಕಿದ್ದರು. ಸಂತೆಯ ದಿನ ಎಸ್ಟೇಟಿನ ಕೂಲಿ ಲೈನುಗಳಿಂದ ಜನ ಬಂದರೆ ಅಂಗಡಿಯ ಮುಂದೆ ಐದಾರು ಭಾಷೆ ಕೇಳುತ್ತಿತ್ತು. ತಮಿಳು, ಮಲಯಾಳ, ತುಳು, ಅರೆಭಾಷೆ ಎಲ್ಲ ಒಂದಿಷ್ಟು ನನಗೆ ಬಂದದ್ದು ಆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತೇ. ಪದವಿ ಮುಗಿಸಿದ ವರ್ಷ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಕೆಲಸ ಸಿಕ್ಕಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದರು, “ಬೀದೀಲಿ ಮೀನಿನ ಬುಟ್ಟಿ ಹೋದ್ರೆ ಬಾಗ್ಲು ಹಾಕ್ಕೊಳೋರು ನಾವು. ನೀನು ಅಲ್ಲಿ ಕಂಡೋರಿಗೆಲ್ಲ ಮಾಂಸ ಬಡಿಸ್ಬೇಕು. ಆಗುತ್ತಾ ನಿನ್ ಕೈಲಿ?”

ಆಗುತ್ತದೆ ಎಂದೆ. ಆಯಿತು ಕೂಡ. ಈ ಕೆಲಸದಲ್ಲಿ ಮನುಷ್ಯರ ಕೈಲಿ ಆಗದ್ದು ಬಹಳ ಕಡಿಮೆ. ಅದರ ಕೇಡು ಇರುವುದೇ ಅಲ್ಲಿ.

ತರಬೇತಿಯ ಮೊದಲ ವಾರ ನನ್ನ ಕೊರಳಿನ ಲಿಂಗ ತೆಗೆಯಬೇಕಾಯಿತು. ಸಮವಸ್ತ್ರದ ಕತ್ತಿನಿಂದ ದಾರ ಕಾಣುತ್ತದೆ ಎಂದರು. ಗಟ್ಟಿಯಾಗಿ ಏನೂ ಹೇಳಲಿಲ್ಲ. ಕಂಪನಿಯಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅವತ್ತು ಕೈಚೀಲದ ಒಳಜೇಬಿಗೆ ಸೇರಿದ ಲಿಂಗ ಮೂವತ್ತಮೂರು ವರ್ಷ ಅಲ್ಲೇ ಇತ್ತು. ಹೆಸರಿನ ಬಿಲ್ಲೆಯಲ್ಲಿ ‘ಗಂಗಾಂಬಿಕೆ’ ಹಿಡಿಸುವುದಿಲ್ಲವೆಂದು ‘ಗಂಗಾ’ ಎಂದು ಕೆತ್ತಿಸಿದರು.

ನನಗೆ ಕೆಲಸ ಕಲಿಸಿದವರು ಮಿಸೆಸ್ ಡಿಮೆಲ್ಲೊ. ಆಗ ಬಿಸಿನೆಸ್ ಕ್ಲಾಸಿನ ಮೇಲ್ವಿಚಾರಣೆ ಅವರದು. ದಪ್ಪ ಕನ್ನಡಕ, ಮಂಡಿನೋವು, ಸಿಟ್ಟು. ಪ್ರಯಾಣಿಕರ ಜೊತೆ ಮಾತಾಡುವಾಗ ನಿಂತು ಮಾತಾಡಬೇಡ, ಮಂಡಿ ಮಡಿಸಿ ಅವರ ಕಣ್ಣಿನ ಮಟ್ಟಕ್ಕೆ ಬಾ ಎಂದು ಕಲಿಸಿದ್ದು ಅವರು. ನಿದ್ದೆ ಮಾಡುತ್ತಿರುವವರ ಮುಖ ನೋಡುತ್ತ ನಿಲ್ಲಬಾರದು, ಅದು ಕಳ್ಳತನ ಎನ್ನುತ್ತಿದ್ದರು. ಒಮ್ಮೆ ಹಿಂದಿನ ಎಕಾನಮಿಯಲ್ಲಿ ಒಬ್ಬ ಮುದುಕರಿಗೆ ಎದೆ ಹಿಡಿದುಕೊಂಡಾಗ ಡಿಮೆಲ್ಲೊ ಯಾರನ್ನೂ ಕೇಳಲಿಲ್ಲ. ತೋಳು ಹಿಡಿದು ಕರೆತಂದು ಮುಂದಿನ ಖಾಲಿ ಸೀಟಿನಲ್ಲಿ ಮಲಗಿಸಿ, ಶೂ ಬಿಚ್ಚಿ, ಕಾಲಿಗೆ ಹೊದಿಸಿದರು. ಆಗ ಸೀಟುಗಳು ಪೂರ್ತಿ ಹಾಸಿಗೆಯಾಗುತ್ತಿರಲಿಲ್ಲ, ಅರ್ಧ ಒರಗುತ್ತಿದ್ದವು ಅಷ್ಟೆ. ಪಕ್ಕದವರೊಬ್ಬರು ಗೊಣಗಿದಾಗ ಡಿಮೆಲ್ಲೊ ಅವರ ಮುಂದೆ ಮಂಡಿ ಮಡಿಸಿ ಕೂತು, ಇಳಿಯುವವರೆಗೂ ತಾವು ಸಹಿಸಿಕೊಳ್ಳಬೇಕು ಎಂದರು. ಅವರಿಗೆ ಯಾವ ಮೆಮೊ ಕೂಡ ಬರಲಿಲ್ಲ. ಬಂದಿದ್ದರೂ ಓದುವವರಲ್ಲ.

ಮೆಮೊ ಬಂದದ್ದು ನನಗೆ. ಡಿಮೆಲ್ಲೊ ನಿವೃತ್ತರಾಗಿ ಎರಡು ವರ್ಷದ ಮೇಲೆ. ಆ ಕಾಲಕ್ಕೆ ಬಿಸಿನೆಸ್ ಕ್ಲಾಸಿಗೆ ದಪ್ಪ ಕಾಗದದ ಮೆನು ಬಂದಿತ್ತು. ಅದರಲ್ಲಿ ಕೊಡಗಿನ ನೆರಳಿನ ತೋಟದಲ್ಲಿ ಬೆಳೆದು ಆಗತಾನೆ ಪುಡಿಮಾಡಿದ ಕಾಫಿ ಎಂದು ಅಚ್ಚಾಗಿತ್ತು. ನಿಜದಲ್ಲಿ ಅದು ಪೊಟ್ಟಣ ಹರಿದು ಬಿಸಿನೀರಿಗೆ ಕದಡುವ ಪುಡಿ. ಲಂಡನ್ನಿಗೆ ಹೋಗುವ ವಿಮಾನದಲ್ಲಿ ವಯಸ್ಸಾದ ಒಬ್ಬ ಪ್ಲಾಂಟರು ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ನನ್ನ ಮಾತಿನ ಧಾಟಿ ಗುರುತು ಹಿಡಿದು ಕನ್ನಡದಲ್ಲೇ, “ನೀನು ನಮ್ ಕಡೆಯೋಳಲ್ವಾ? ಇದು ನಮ್ ಕಾಫಿನಾ?” ಎಂದು ಕೇಳಿದರು. ಅಲ್ಲ ಸಾರ್, ಪೊಟ್ಟಣದ್ದು ಎಂದುಬಿಟ್ಟೆ. ಅವರು ನಕ್ಕರು. ಇಳಿದ ಮೇಲೆ ಕಂಪನಿಗೆ ಕಾಗದ ಬರೆದರು. ನನ್ನನ್ನು ಹೊಗಳಿಯೇ ಬರೆದಿದ್ದರು. ನಿಮ್ಮ ಸಿಬ್ಬಂದಿಗಿರುವ ಪ್ರಾಮಾಣಿಕತೆ ನಿಮ್ಮ ಮೆನುವಿಗೆ ಇಲ್ಲ ಎಂದು.

ಹದಿನೈದು ದಿನ ನನ್ನನ್ನು ಹಾರಾಟದಿಂದ ಇಳಿಸಿದರು. ಕಂಪನಿಯ ಹೆಸರಿಗೆ ಧಕ್ಕೆ ತಂದಿದ್ದೀರಿ, ಮತ್ತೊಮ್ಮೆ ಇಂಥದ್ದು ನಡೆದರೆ ಅಂತರರಾಷ್ಟ್ರೀಯ ವಿಮಾನಗಳಿಂದ ತೆಗೆಯಲಾಗುವುದು ಎಂಬ ಮೆಮೊಗೆ ಸಹಿ ಹಾಕಿದೆ. ಮೆನು ಹಾಗೆಯೇ ಇನ್ನೂ ನಾಲ್ಕು ವರ್ಷ ನಡೆಯಿತು. ಆಮೇಲೆ ಯಾರಾದರೂ ಕೇಳಿದರೆ, ಹೌದು ಸಾರ್, ನಮ್ಮೂರಿನದೇ ಎನ್ನುತ್ತಿದ್ದೆ. ಮೊದಲ ಸಲ ಕಪ್ಪಿನ ಕಡೆ ನೋಡುತ್ತ ಹೇಳಿದೆ. ಎರಡನೆಯ ಸಲ ಮುಖ ನೋಡಿಯೇ ಹೇಳಿದೆ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಸೀಟುಗಳು ಗುಂಡಿ ಒತ್ತಿದರೆ ಚಪ್ಪಟೆಯಾಗಿ ಹಾಸಿಗೆಯಾದವು. ಊಟ ಮುಗಿದ ಮೇಲೆ ತೆಳು ಹಾಸಿಗೆ ಹಾಕಿ, ಮೇಲೆ ಬಿಳಿ ಹೊದಿಕೆ ಹಾಸಿ, ಎರಡು ದಿಂಬಿಟ್ಟು, ಮೂಲೆ ಮಡಿಸಿ ಕೊಡುವುದು ನಮ್ಮ ಕೆಲಸವಾಯಿತು. ಅವ್ವನಿಗೆ ಇದನ್ನು ಹೇಳಿದಾಗ, “ಹಾಸಿಗೆ ಹಾಸೋಕೆ ಬಿ.ಎ. ಓದ್ಬೇಕಿತ್ತಾ?” ಎಂದಿದ್ದಳು. ಡಿಮೆಲ್ಲೊ ಕಾಲದಲ್ಲಿ ಪ್ರಯಾಣಿಕರ ಪಟ್ಟಿ ಒಂದು ಹಾಳೆಯಲ್ಲಿರುತ್ತಿತ್ತು. ಈಗ ಕೈಗೆ ಟ್ಯಾಬ್ಲೆಟ್ ಕೊಟ್ಟರು. ಯಾರು ಎಷ್ಟು ಸಲ ಹಾರಿದ್ದಾರೆ, ಹಿಂದಿನ ಸಲ ಯಾವುದಕ್ಕೆ ದೂರು ಕೊಟ್ಟಿದ್ದರು, ಯಾರಿಗೆ ಹುಟ್ಟುಹಬ್ಬ ಎಲ್ಲವೂ ಅದರಲ್ಲಿ. ಇಳಿದ ಮೇಲೆ ಪ್ರಯಾಣಿಕರು ನಮಗೆ ಅಂಕ ಕೊಡುತ್ತಿದ್ದರು. ಖಾಲಿ ಸೀಟು ಯಾರಿಗೆ ಕೊಡಬೇಕೆಂಬುದು ಮೇಲ್ವಿಚಾರಕರ ಮನಸ್ಸಿನಿಂದ ಹೊರಟುಹೋಗಿ ಫಾರಂ ಸೇರಿತು. ಕಾಯಿಲೆಯಾದವರಿಗೆ ಕೊಡಬಹುದು ಎಂಬ ಒಂದು ಸಾಲು ಅದರಲ್ಲೂ ಇತ್ತು. ಕೊಟ್ಟರೆ ಕಾರಣ ಬರೆದು ಒಪ್ಪಿಸಬೇಕಿತ್ತು, ಅಷ್ಟೆ. ನಾವು ಆ ಸಾಲನ್ನು ಓದುವುದನ್ನೇ ಬಿಟ್ಟಿದ್ದೆವು.

ನಾನು ಬರೆಯಬೇಕಾದ ರಾತ್ರಿ ಬಂದದ್ದು ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ. ಅಮೆರಿಕದಿಂದ ದೆಹಲಿಗೆ ಹದಿನೈದು ಗಂಟೆಯ ಹಾರಾಟ. ಬಿಸಿನೆಸ್ ಕ್ಲಾಸಿನ ಜವಾಬ್ದಾರಿ ನನ್ನದು. ನನ್ನ ಮೇಲೆ ಇಡೀ ವಿಮಾನದ ಸಿಬ್ಬಂದಿಗೆ ಮುಖ್ಯಸ್ಥರಾಗಿ ಭಾಟಿಯಾ ಎಂಬವರು. ನನಗಿಂತ ಹತ್ತು ವರ್ಷ ಚಿಕ್ಕವರು, ಸದಾ ನಗುಮುಖ, ಅಂಕಗಳ ಲೆಕ್ಕದಲ್ಲಿ ನಿಪುಣರು.

ಮೂರನೆಯ ಸಾಲಿನಲ್ಲಿ ಗಂಡ, ಹೆಂಡತಿ, ಎರಡೂವರೆ ವರ್ಷದ ಒಂದು ಹೆಣ್ಣುಮಗು. ಮಗುವಿಗೂ ಪ್ರತ್ಯೇಕ ಸೀಟು. ಅದರ ಪಕ್ಕದ ಸೀಟು ಖಾಲಿ. ವಿಮಾನ ಮೇಲೇರಿ ದೀಪ ಮಂದ ಮಾಡುವ ಹೊತ್ತಿಗೆ ಮಗು ಅಳಲು ಶುರುಮಾಡಿತು. ಹಾಲು, ಚಾಕೊಲೇಟು, ಕಾರ್ಟೂನು ಯಾವುದಕ್ಕೂ ಜಗ್ಗಲಿಲ್ಲ. ‘ಜಾನು, ಜಾನು’ ಎಂದು ಒಂದೇ ಹಟ. ಜಾನು ಎಂದರೆ ಅವರ ಮನೆಯ ಆಯಾ, ಹಿಂದೆ ನಲವತ್ತೆರಡನೆಯ ಸಾಲಿನಲ್ಲಿದ್ದಾಳೆ, ಕರೆಸಿ ಎಂದು ತಾಯಿ ಹೇಳಿದರು. ಉಳಿದ ಪ್ರಯಾಣಿಕರು ಎದ್ದು ಕೂತಿದ್ದರು. ಭಾಟಿಯಾ ಒಪ್ಪಿದರು. ನಾನೇ ಹೋಗಿ ಕರೆತಂದೆ.

ಐವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಯಾರದೋ ಹಳೆಯ ಸ್ವೆಟರು. ಆಕೆ ಬಂದು ಸೀಟಿನ ಪಕ್ಕ ದಾರಿಯಲ್ಲೇ ನೆಲದ ಮೇಲೆ ಕಾಲು ಮಡಿಸಿ ಕೂತು ಮಗುವಿನ ಬೆನ್ನು ತಟ್ಟತೊಡಗಿದಳು. ಬಾಯಲ್ಲಿ ಸಣ್ಣಗೆ ಏನೋ ಹೇಳುತ್ತಿದ್ದಳು. ನಾಲ್ಕು ಶಬ್ದ ಕೇಳುವಷ್ಟರಲ್ಲಿ ಅರೆಭಾಷೆ ಎಂದು ಗೊತ್ತಾಯಿತು. ಯಾವೂರಮ್ಮ ಎಂದೆ. ಬೆಚ್ಚಿ ಕತ್ತೆತ್ತಿ, “ಸಂಪಾಜೆ” ಎಂದಳು. ನನ್ನದು ಸುಂಟಿಕೊಪ್ಪ ಎಂದಾಗ ಆಕೆಯ ಮುಖ ಅರಳಿದ್ದನ್ನು ಹೇಗೆ ಬರೆಯಲಿ. ಐದು ತಿಂಗಳಿಂದ ಕನ್ನಡದ ಒಂದು ಮಾತು ಕೇಳಿರಲಿಲ್ಲವಂತೆ. ಹೆಸರು ಜಾನಕಿ. ಊರಲ್ಲಿ ಮಗಳಿದ್ದಾಳೆ, ಮೊಮ್ಮಗ ಹುಟ್ಟಿದ್ದಾನೆ, ಇನ್ನೂ ನೋಡಿಲ್ಲ ಎಂದಳು.

ಮಗು ನಿದ್ದೆ ಹೋಯಿತು. ಆಕೆಯನ್ನು ಹಿಂದಕ್ಕೆ ಕಳಿಸಿದರು. ಮುಕ್ಕಾಲು ಗಂಟೆಗೆ ಮತ್ತೆ ಅಳು, ಮತ್ತೆ ಕರೆ. ಹೀಗೆ ನಾಲ್ಕು ಸಲ ಆಯಿತು. ಪ್ರತಿ ಸಲವೂ ಆಕೆ ನೆಲದ ಮೇಲೆ ಕಾಲು ಮಡಿಸಿ ಕೂತಳು. ಪಕ್ಕದ ಸೀಟಿನಲ್ಲಿ ಕೂರು ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕನೆಯ ಸಲ ಎದ್ದು ಹೊರಟವಳು ಗ್ಯಾಲಿಯ ಪರದೆಯ ಹತ್ತಿರ, ಎಂದರೆ ನಾವು ಊಟ ಬಿಸಿ ಮಾಡುವ ಸಣ್ಣ ಅಡುಗೆಕೋಣೆಯ ಹತ್ತಿರ, ಗೋಡೆ ಹಿಡಿದು ನಿಂತಳು. ಎಡಗಾಲು ಮೀನಖಂಡದಿಂದ ಕೆಳಗೆ ಊದಿ ಬಿಗಿದಿತ್ತು.

“ಅಕ್ಕ, ಕಾಲ್ ಭಾರಿ ನೋವುಟ್ಟು. ಕೂತ್ರೆ ತಡಿಯಕೆ ಆದುಲ್ಲೆ. ಒಂಚೂರು ಮಲ್ಗಿಕೆ ಎಲ್ಲಾರ್ ಜಾಗ ಉಟ್ಟಾ?”

ಕಾಲು ತುಂಬ ನೋಯುತ್ತಿದೆ, ಕೂತರೆ ತಡೆಯಲು ಆಗುವುದಿಲ್ಲ, ಸ್ವಲ್ಪ ಮಲಗಲು ಎಲ್ಲಾದರೂ ಜಾಗ ಇದೆಯಾ ಎಂದು ಕೇಳಿದಳು. ಇತ್ತು. ಆರು ಹೆಜ್ಜೆ ದೂರದಲ್ಲಿತ್ತು.

ನಾನು ಭಾಟಿಯಾರ ಹತ್ತಿರ ಹೋದೆ. ಅವರು ವಿಶ್ರಾಂತಿಗೆ ಹೊರಟಿದ್ದರು. ಕಾಲು ಊದಿದೆ, ಖಾಲಿ ಸೀಟಿನಲ್ಲಿ ಎರಡು ಗಂಟೆ ಮಲಗಿಸೋಣ ಎಂದೆ. ಆ ಕುಟುಂಬವನ್ನು ಕೇಳಿ ನೋಡಿ, ಅವರಿಗೆ ಅಭ್ಯಂತರ ಇಲ್ಲದಿದ್ದರೆ ಯೋಚಿಸೋಣ ಎಂದರು. ಹೋಗಿ ಮಗುವಿನ ತಾಯಿಯ ಮುಂದೆ ಮಂಡಿ ಮಡಿಸಿ ಕೂತು ಕೇಳಿದೆ. ಆಕೆ ಒರಟಾಗಿ ಏನೂ ಹೇಳಲಿಲ್ಲ. ಜಾನಕಿಗೆ ಇಂಥ ಸೀಟೆಲ್ಲ ಅಭ್ಯಾಸವಿಲ್ಲ, ಮುಜುಗರವಾಗುತ್ತದೆ, ಆಮೇಲೆ ಮಗು ರಾತ್ರಿಯಿಡೀ ಅವಳನ್ನು ಬಿಡುವುದಿಲ್ಲ, ಹಿಂದೆಯೇ ಇರಲಿ ಎಂದರು. ಭಾಟಿಯಾ ಅದನ್ನು ಕೇಳಿ ಸರಿ ಎಂದು ಮಲಗಲು ಹೋದರು. ನಾಲ್ಕು ಗಂಟೆ ಅವರು ಮೇಲಿನ ವಿಶ್ರಾಂತಿ ಕೋಣೆಯಲ್ಲಿದ್ದರು. ಆ ನಾಲ್ಕು ಗಂಟೆ ಅಲ್ಲಿನ ಮುಖ್ಯಸ್ಥೆ ನಾನೇ. ಓದುವ ಹುಡುಗಿಯರು ಇದನ್ನು ಗಮನಿಸಬೇಕು. ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಆದರೆ ಆ ಕುಟುಂಬ ವರ್ಷಕ್ಕೆ ಆರೇಳು ಸಲ ನಮ್ಮಲ್ಲೇ ಹಾರುವವರು, ಹಿಂದೆ ಒಮ್ಮೆ ದೂರು ಕೊಟ್ಟವರು ಎಂದು ಟ್ಯಾಬ್ಲೆಟ್ಟಿನಲ್ಲಿತ್ತು. ಇನ್ನೊಂದು ಮೆಮೊ ಬಂದರೆ ನನ್ನ ಗತಿಯೇನು ಎಂದು ಯೋಚಿಸಿದೆ.

ಜಾನಕಿಗೆ ಎರಡು ನೋವಿನ ಮಾತ್ರೆ ಕೊಟ್ಟೆ. ಹಿಂದಕ್ಕೆ ಕರೆದೊಯ್ದು ಅವಳ ಸೀಟಿನ ಕೆಳಗೆ ಬ್ಯಾಗಿಟ್ಟು, ಅದರ ಮೇಲೆ ಕಾಲು ಚಾಚಿಸಿ, ಒಂದು ದಿಂಬು ಕೊಟ್ಟೆ. “ಅಕ್ಕು, ಅಕ್ಕು,” ಆಗಲಿ ಎಂದಳು. ನನ್ನಿಂದ ತೊಂದರೆಯಾಯಿತಾ ಎಂಬಂತೆ ನೋಡಿದಳು.

ಮುಂದಕ್ಕೆ ಬಂದರೆ ಮಗು ಎದ್ದಿತ್ತು. ಅದರ ಕೈಯಲ್ಲಿ ಬಟ್ಟೆಯ ಮೊಲ. ಈಗ ಹೊಸ ಹಟ, ಮೊಲಕ್ಕೂ ತನ್ನ ಹಾಗೆ ಹಾಸಿಗೆ ಬೇಕು. ತಂದೆ ನನ್ನ ಮುಖ ನೋಡಿ ನಕ್ಕರು. ನಾನು ಖಾಲಿ ಸೀಟಿನ ಗುಂಡಿ ಒತ್ತಿದೆ. ಸೀಟು ಚಪ್ಪಟೆಯಾಯಿತು. ಹಾಸಿಗೆ ಹಾಕಿ, ಬಿಳಿ ಹೊದಿಕೆ ಹಾಸಿ, ಎರಡು ದಿಂಬಿಟ್ಟು, ಮೊಲವನ್ನು ಮಲಗಿಸಿ ಕತ್ತಿನವರೆಗೆ ಹೊದಿಸಿದೆ. ಮಗು ಚಪ್ಪಾಳೆ ತಟ್ಟಿ ಮಲಗಿತು. ಭಾಟಿಯಾ ಎದ್ದು ಬಂದಾಗ ಅದನ್ನು ನೋಡಿ ಬಹಳ ಖುಷಿಪಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಕಂಪನಿಯ ಪುಟದಲ್ಲಿ ಹಾಕಲು.

ಇಳಿಯಲು ಎರಡು ಗಂಟೆಯಿತ್ತು. ಹಿಂದಿನಿಂದ ಗಂಟೆ ಬಾರಿಸಿತು. ಶೌಚಾಲಯಕ್ಕೆಂದು ಎದ್ದ ಜಾನಕಿ ದಾರಿಯಲ್ಲೇ ಕುಸಿದಿದ್ದಳು. ಪ್ರಯಾಣಿಕರಲ್ಲಿ ಒಬ್ಬರು ವೈದ್ಯರಿದ್ದರು. ಎಳೆದು ಹಿಂದಿನ ಗ್ಯಾಲಿಯ ನೆಲದ ಮೇಲೆ ಮಲಗಿಸಿ ಆಮ್ಲಜನಕ ಹಿಡಿದೆವು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬೇಕು ಎಂದರು ವೈದ್ಯರು. ಭಾಟಿಯಾ ಓಡಿಬಂದು, ಮುಂದೆ ಹಾಸಿಗೆ ಇದೆ, ಅಲ್ಲಿಗೆ ಒಯ್ಯೋಣ ಎಂದರು. ಈಗ ಅಲುಗಾಡಿಸಬೇಡಿ ಎಂದರು ವೈದ್ಯರು. ಟ್ರಾಲಿಗಳ ಚಕ್ರದ ಪಕ್ಕ, ಚೆಲ್ಲಿದ ಟೀ ಒಣಗಿದ ನೆಲದ ಮೇಲೆ, ನನ್ನ ಕೈ ಹಿಡಿದುಕೊಂಡು ಮಲಗಿದ್ದಳು. ಇಳಿದ ಕೂಡಲೇ ಆಂಬುಲೆನ್ಸು ಬಂತು. ಅವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ಮಲಗಿಸಿದ್ದರೆ ಉಳಿಯುತ್ತಿದ್ದಳು ಎಂದು ಯಾರೂ ಖಚಿತವಾಗಿ ಹೇಳಲಾರರು. ಆ ವೈದ್ಯರೂ ಹಾಗೆಯೇ ಹೇಳಿದರು. ಎಷ್ಟೋ ವರ್ಷ ನಾನು ಆ ಮಾತಿನ ಮರೆಯಲ್ಲಿ ಅಡಗಿದ್ದೆ. ಆದರೆ ಮರುದಿನ ನಾನು ಬರೆದದ್ದಕ್ಕೆ ಅಂಥ ಯಾವ ಮರೆಯೂ ಇಲ್ಲ.

ಕಚೇರಿಯಲ್ಲಿ ವರದಿ ಬರೆಯಲು ಕೂರಿಸಿದರು. ಭಾಟಿಯಾ, ಜೊತೆಗೊಬ್ಬ ಅಧಿಕಾರಿ. ಜಾನಕಿಯವರು ಕಾಲು ನೋವೆಂದು ಹೇಳಿದ್ದರು ಎಂದು ಬರೆದೆ. ಅಧಿಕಾರಿ ಓದಿ, ಇದನ್ನು ಹೀಗೇ ಬಿಟ್ಟರೆ ನೀವು ಏನೂ ಮಾಡಲಿಲ್ಲ ಎಂದಾಗುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು. ನಂತರ ಸೇರಿಸಬೇಕಾದ ವಾಕ್ಯವನ್ನು ಮೆಲ್ಲಗೆ ಹೇಳಿದರು. ನಾನು ಬರೆದೆ. ಪ್ರಯಾಣಿಕರಿಗೆ ಮುಂದಿನ ಕ್ಯಾಬಿನ್ನಿನಲ್ಲಿ ಮಲಗುವ ಸೀಟು ಕೊಡಲು ಮುಂದಾದೆವು, ಅವರು ಬೇಡವೆಂದರು. ನನ್ನ ಕೈಬರಹ ಶಾಲೆಯ ದಿನಗಳಿಂದಲೂ ಚೆನ್ನಾಗಿದೆ. ಪೊಟ್ಟಣದ ಕಾಫಿಯನ್ನು ಪೊಟ್ಟಣದ್ದು ಎಂದಾಗ ಹದಿನೈದು ದಿನ ಮನೆಯಲ್ಲಿ ಕೂರಿಸಿದ ಕಂಪನಿ, ಈ ವಾಕ್ಯಕ್ಕೆ ನನ್ನನ್ನು ಏನೂ ಮಾಡಲಿಲ್ಲ. ಉಳಿದ ನಾಲ್ಕು ವರ್ಷ ಗೌರವದಿಂದ ಮುಗಿಯಿತು. ಬೀಳ್ಕೊಡುವ ದಿನ ಹಾರ ಹಾಕಿದರು.

ನಿವೃತ್ತಿಯಾಗಿ ಎರಡು ವರ್ಷ ಜಾನಕಿಯ ಮನೆಯ ಕಡೆಗೆ ತಲೆಹಾಕಲಿಲ್ಲ. ಸಂಪಾಜೆ ನನ್ನ ಮನೆಯಿಂದ ಎರಡು ಗಂಟೆಯ ದಾರಿಯೂ ಅಲ್ಲ. ಮಂಗಳೂರಿಗೆ ಹೋಗುವಾಗೆಲ್ಲ ಬಸ್ಸು ಅಲ್ಲಿ ನಿಂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಇಳಿದೆ. ಪೇಟೆಯ ಅಂಗಡಿಯಲ್ಲಿ, ವಿಮಾನದಲ್ಲಿ ಕುಸಿದು ತೀರಿಕೊಂಡ ಜಾನಕಿಯವರ ಮನೆ ಯಾವುದು ಎಂದು ಕೇಳಿದರೆ ತಕ್ಷಣ ತೋರಿಸಿದರು.

ಮಗಳ ಹೆಸರು ಪವಿತ್ರ. ಅಂಗನವಾಡಿಯಲ್ಲಿ ಕೆಲಸ. ಮೂವತ್ತೈದರ ಆಸುಪಾಸು, ತಾಯಿಯದೇ ಹಣೆ. ನಾನು ವಿಮಾನದಲ್ಲಿ ಕೆಲಸ ಮಾಡುತ್ತಿದ್ದವಳು, ಅವತ್ತು ಅಲ್ಲಿದ್ದೆ ಎಂದಷ್ಟೇ ಹೇಳಿದೆ. ಒಳಗೆ ಕರೆದು ಕುರ್ಚಿ ಕೊಟ್ಟಳು. ಅಮ್ಮನನ್ನು ಕೊನೆಯಲ್ಲಿ ನೋಡಿದವರು ಮನೆಗೆ ಬಂದರಲ್ಲ ಎಂದು ಕಣ್ಣು ಒರೆಸಿಕೊಂಡಳು. ಎದ್ದು ಹೋಗಿ ಒಂದು ಫೈಲು ತಂದಳು. ರೇಷನ್ ಕಾರ್ಡು, ಮನೆಯ ಪತ್ರ, ಅದರ ನಡುವೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಕಂಪನಿ ಕಳಿಸಿದ ಕಾಗದ. ಇಂಗ್ಲಿಷಿನಲ್ಲಿತ್ತು. ನಾನು ಬರೆದಿದ್ದ ವಾಕ್ಯ ಅದರ ಮೂರನೆಯ ಸಾಲಿನಲ್ಲಿತ್ತು. ಶಾಲೆಯ ಮಾಸ್ತರರ ಹತ್ತಿರ ಓದಿಸಿ ಅರ್ಥ ತಿಳಿದುಕೊಂಡಿದ್ದಳಂತೆ.

“ಅಮ್ಮ ಹಾಗೇ ಮೇಡಂ. ಯಾರು ಏನು ಕೊಟ್ರೂ ಬೇಡ ಬೇಡ ಅಂತ ಹೇಳುದು. ಅಷ್ಟು ದೊಡ್ಡವರು ಮಲ್ಗಲಿಕ್ಕೆ ಸೀಟು ಕೊಡ್ತೇವೆ ಅಂದ್ರೂ ಬೇಡ ಅಂದ್ರಲ್ಲ. ಮಲ್ಗಿದ್ರೆ ಇವತ್ತು ಇರ್ತಿದ್ರು. ನನ್ನ ಮಗನನ್ನು ಎತ್ತಿಕೊಳ್ತಿದ್ರು.”

ಆ ಮಾತಿಗೆ ತಲೆಯಾಡಿಸಿ ಎದ್ದು ಬರಬಹುದಿತ್ತು. ಅದೇ ನನ್ನ ಅಭ್ಯಾಸ. ಹಾಗೆ ಮಾಡಲಿಲ್ಲ ಎಂಬುದಕ್ಕೆ ಹೆಮ್ಮೆಪಡುವಂಥದ್ದೂ ಏನಿಲ್ಲ, ಆರು ವರ್ಷ ತಡವಾಗಿತ್ತು. ಅವರು ಬೇಡ ಅನ್ನಲಿಲ್ಲ, ಯಾರೂ ಕೊಡಲೇ ಇಲ್ಲ, ಅವರೇ ಬಾಯಿಬಿಟ್ಟು ಕೇಳಿದ್ದರು, ಈ ಸಾಲು ಬರೆದವಳು ನಾನು ಎಂದು ಹೇಳಿದೆ. ಮೊಲದ ವಿಷಯವನ್ನೂ ಹೇಳಿದೆ. ಬಿಡಲು ಮನಸ್ಸು ಬರಲಿಲ್ಲ.

ಪವಿತ್ರ ಬೈಯುತ್ತಾಳೆ, ಹೊರಗೆ ತಳ್ಳುತ್ತಾಳೆ ಎಂದು ಕಾದೆ. ಆಕೆ ಕಾಗದವನ್ನು ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆದು, ಅಂಗನವಾಡಿಯ ಹಾಜರಿ ಪುಸ್ತಕದ ಮೇಲಿದ್ದ ಪೆನ್ನನ್ನು ಅದರ ಜೊತೆ ನನ್ನ ಮುಂದಿಟ್ಟಳು.

“ಇದರಲ್ಲೇ ಬರೀರಿ. ಕನ್ನಡದಲ್ಲಿ ಬರೀರಿ. ನನಗೆ ಓದ್ಲಿಕ್ಕೆ ಆಗ್ಬೇಕು.”

ಮೂರನೆಯ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ, ಇದು ಸುಳ್ಳು, ಜಾನಕಿಯವರು ಮಲಗಲು ಜಾಗ ಕೇಳಿದರು, ಜಾಗವಿತ್ತು, ನಾನು ಕೊಡಲಿಲ್ಲ ಎಂದು ಬರೆದು ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಓದಿ ಮುಗಿಸಿ, ನನ್ನ ಕಡೆ ನೋಡದೆ ಹೇಳಿದಳು.

“ಆರು ವರ್ಷ ನಾನು ಅಮ್ಮನಿಗೇ ಬೈತಾ ಇದ್ದೆ.”